ಸಾಲ ತೀರಿಸುವ ಟೊಮೆಟೊ

ನಮ್ಮ ಮಾವನವರದು ಕೋಲಾರದ ಕಡೆ ಹಳ್ಳಿ. ಟೊಮೆಟೊ ಬೆಳೆಯುತ್ತಾರೆ. ಬೆಳೆಯುತ್ತಾರೆ ಎಂದರೆ ನಾನೂ ನೀವೂ ಕುಂಡದಲ್ಲಿ ಬೆಳೆದು ನಾಲ್ಕು ಮನೆಗೆ ಫೋಟೊ ಕಳಿಸುವ ಬೆಳೆಯಲ್ಲ. ಅಲ್ಲಿ ಲೆಕ್ಕವೇನಿದ್ದರೂ ಕ್ರೇಟಿನಲ್ಲಿ, ಟೆಂಪೊದಲ್ಲಿ. ಅಂಥವರ ಮಗಳನ್ನು ಮದುವೆಯಾಗಿ, ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನ ತಾರಸಿಯ ಮೇಲೆ ಟೊಮೆಟೊ ಬೆಳೆಯುತ್ತೇನೆಂದು ಹೊರಟ ಅಳಿಯನಿಗೆ ಏನನ್ನಬೇಕು? ನಮ್ಮ ಮನೆಯಲ್ಲಿ ಏನೇನೋ ಅಂದಿದ್ದಾರೆ. ಅದೆಲ್ಲ ಅಚ್ಚಾಗುವ ಮಾತಲ್ಲ, ಬಿಡಿ.

ಅಳಿಯಂದಿರ ಕಷ್ಟ ಅಳಿಯಂದಿರಿಗೇ ಗೊತ್ತು. ಮಾವ ತೂಕದಲ್ಲಿ ಗೆದ್ದರೆ ಅಳಿಯ ತಳಿಯಲ್ಲಾದರೂ ಗೆಲ್ಲಬೇಡವೇ? ಮಾವನವರದೆಲ್ಲ ಹೈಬ್ರಿಡ್. ಒಂದೇ ಗಾತ್ರ, ಒಂದೇ ಬಣ್ಣ, ದಪ್ಪ ಸಿಪ್ಪೆ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಲಾರಿ ಹತ್ತಿದ್ದು ಉತ್ತರದ ಯಾವುದೋ ಊರಲ್ಲಿ ಇಳಿಯುವವರೆಗೆ ಒಡೆಯಕೂಡದು, ಅವುಗಳ ಜನ್ಮಕ್ಕೆ ಅದೊಂದೇ ಗುರಿ. ಅದಕ್ಕೇ ನಾನು ಪಾರಂಪರಿಕ ತಳಿಗಳಿಗೆ ಕೈಹಾಕಿದೆ. ಯಾವುದೋ ದೇಶದ ಯಾವುದೋ ಅಜ್ಜಿ ಬೀಜ ಎತ್ತಿಟ್ಟು, ಆಮೇಲೆ ಅವಳ ಮಗಳು ಎತ್ತಿಟ್ಟು, ಕಂಪನಿಗಳ ಹಂಗಿಲ್ಲದೆ ಮನೆಯಿಂದ ಮನೆಗೆ ಬಂದಂಥವು. ಹಣ್ಣಿನ ಬೀಜ ಹಾಕಿದರೆ ಅದೇ ಹಣ್ಣು ಮತ್ತೆ ಬರುತ್ತದೆ. ಆದರೆ ಇವುಗಳಲ್ಲಿ ನೆಟ್ಟಗಿರುವುದು ಬಹಳ ಕಮ್ಮಿ. ಇಟಲಿಯ ಕೊಸ್ಟೊಲುಟೊಗೆ ಮೈತುಂಬ ಮಡಿಕೆ. ಕ್ರಿಮಿಯಾದ ಬ್ಲ್ಯಾಕ್ ಕ್ರಿಮ್‌ನದು ಮಸಿ ಬೆರೆತ ಕೆಂಪು. ರೈಸೆಟೊಮಾಟೆ ಎಂಬ ಜರ್ಮನ್ ಹೆಸರಿನ ಇನ್ನೊಂದು ಹತ್ತಾರು ಗುಳ್ಳೆ ಒಟ್ಟಿಗೆ ಅಂಟಿಕೊಂಡ ಮುದ್ದೆ. ಚಾಕು ಬೇಡ, ದಾರಿಯಲ್ಲಿ ಒಂದೊಂದೇ ಗುಳ್ಳೆ ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು. ಅದರ ಚಿತ್ರ ತೋರಿಸಿದಾಗ ನನ್ನವಳು ಬಹಳ ಹೊತ್ತು ನೋಡಿ, “ಪಾಪ, ಯಾರಿಗೂ ತೋರಿಸ್ಲಿಲ್ವಂತಾ?” ಅಂದಳು.

ನನಗೆ ಹಣ್ಣಿಗಿಂತ ಅದರ ಕಥೆಯ ಮೇಲೆ ಆಸೆ. ಕಾಫಿಗೆ ಬಂದವರ ಮುಂದೆ ಚೆರೋಕಿ ಪರ್ಪಲ್‌ನ ಇತಿಹಾಸ ಬಿಚ್ಚುತ್ತಿದ್ದೆ. 1990ರಲ್ಲಿ ಅಮೆರಿಕದ ಟೆನೆಸ್ಸಿಯ ಒಬ್ಬರು ನೇರಳೆ ಟೊಮೆಟೊದ ಬೀಜವನ್ನು ಲಕೋಟೆಯಲ್ಲಿ ಹಾಕಿ ಕ್ರೇಗ್ ಲೆಹೂಲಿಯರ್ ಎಂಬ ಟೊಮೆಟೊ ಹುಚ್ಚಿನವರಿಗೆ ಕಳಿಸಿದ್ದು, ನೂರು ವರ್ಷದ ಹಿಂದೆ ಚೆರೋಕಿ ಬುಡಕಟ್ಟಿನವರು ಕೊಟ್ಟ ಬೀಜವದು ಎಂಬ ಪ್ರತೀತಿ, ಲೆಹೂಲಿಯರ್ ಅದಕ್ಕೆ ಹೆಸರಿಟ್ಟದ್ದು. ಕೇಳುವವರು ಲೋಟ ಕೆಳಗಿಟ್ಟು, “ಹೌದಾ? ಅಲ್ಲಿಂದ ಅಂಚೆ ಎಷ್ಟು ದಿನಕ್ಕೆ ಬರುತ್ತೆ?” ಎಂದು ಕೇಳುತ್ತಿದ್ದರು. ನಮ್ಮ ಜನಕ್ಕೆ ಇತಿಹಾಸಪ್ರಜ್ಞೆ ಇಲ್ಲ ಅನ್ನುವುದು ಸುಮ್ಮನೆ ಅಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ ತಳಿ ಬೇರೆ. ಅದರ ಹೆಸರು ಮಾರ್ಟ್‌ಗೇಜ್ ಲಿಫ್ಟರ್. ಸಾಲ ತೀರಿಸುವ ಟೊಮೆಟೊ! ವೆಸ್ಟ್ ವರ್ಜೀನಿಯಾದ ಲೋಗನ್ ಎಂಬಲ್ಲಿ ಎಂ. ಸಿ. ಬೈಲ್ಸ್ ಅಂತ ಒಬ್ಬ. ಬೆಟ್ಟದ ಬುಡದಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ ಇಟ್ಟಿದ್ದ. ಏರು ಹತ್ತಲಾರದೆ ಕುದ್ದ ಲಾರಿಗಳೆಲ್ಲ ಇವನ ಬಾಗಿಲಿಗೇ ಬರಬೇಕು. ಜನ ಅವನನ್ನು ರೇಡಿಯೇಟರ್ ಚಾರ್ಲಿ ಎಂದೇ ಕರೆದರು. ಗಿಡದ ವಿದ್ಯೆ ಓದಿದವನಲ್ಲ. ನಡುವೆ ಒಂದು ದೊಡ್ಡ ಜಾತಿಯ ಗಿಡ, ಸುತ್ತ ಬೇರೆ ಬೇರೆ ದೊಡ್ಡ ಜಾತಿಯವು, ಇದರ ಪರಾಗ ಅದಕ್ಕೆ. ಹೀಗೆ ವರ್ಷ ವರ್ಷ ಆರಿಸಿ ಆರಿಸಿ ಒಂದು ದೈತ್ಯ ಟೊಮೆಟೊ ಮಾಡಿಕೊಂಡ. 1940ರ ದಶಕದಲ್ಲಿ ಅದರ ಸಸಿಯನ್ನು ಒಂದಕ್ಕೆ 1 ಡಾಲರ್ ಹೇಳಿ ಮಾರಿದ. ಆರು ವರ್ಷದಲ್ಲಿ 6,000 ಡಾಲರ್ ಮನೆಸಾಲ ಚುಕ್ತಾ.

ಪ್ರತಿ ತಿಂಗಳು ಐದನೇ ತಾರೀಕು ಇಎಂಐ ಕಟ್ಟುವ ಮನುಷ್ಯನಿಗೆ ಈ ಕಥೆ ಏನು ಮಾಡುತ್ತದೆಂದು ನಿಮಗೆ ಹೇಳಬೇಕಿಲ್ಲ. ಓಡಿಹೋಗಿ ನನ್ನವಳಿಗೆ ಹೇಳಿದೆ. ಅವಳು ಮಂಡಿ ಲೆಕ್ಕ ಕೇಳುತ್ತಲೇ ಬೆಳೆದವಳು. ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ಲೆಕ್ಕ ಮುಗಿಸಿದಳು: “ನಮ್ಮ ಸಾಲಕ್ಕೆ ಎಷ್ಟು ಸಸಿ ಮಾರ್ಬೇಕೋ ಅಷ್ಟು ಇಡೋಕೆ ಈ ತಾರಸಿ ಸಾಲಲ್ಲ. ಮೇಲೆ ಇನ್ನೊಂದು ಮನೆ ಕಟ್ಬೇಕು. ಅದಕ್ಕೆ ಇನ್ನೊಂದು ಸಾಲ ತಗೋಬೇಕು. ಅತ್ತ ಹೋಗಿ, ಎಣ್ಣೆ ಸಿಡಿಯುತ್ತೆ.”

ಬೀಜ ತರಿಸಿದೆ. ಒಂದೊಂದು ಪೊಟ್ಟಣದಲ್ಲಿ ಬೆರಳಲ್ಲೆಣಿಸುವಷ್ಟು ಬೀಜ; ಕೊಟ್ಟ ದುಡ್ಡಿಗೆ ಸಂತೆಯಲ್ಲಿ ಬುಟ್ಟಿಗಟ್ಟಲೆ ನಾಟಿ ಟೊಮೆಟೊ ಬರುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಮಗಳ ಸ್ಕೆಚ್ ಪೆನ್ನಿನಿಂದ ಹೆಸರು ಬರೆದು ಕುಂಡಕ್ಕೊಂದು ಚುಚ್ಚಿದೆ. ಮಾರ್ಚ್‌ನಲ್ಲಿ ಒಂದೇ ಒಂದು ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಇಟಲಿ, ಕ್ರಿಮಿಯಾ, ಜರ್ಮನಿ ಎಲ್ಲ ಒಂದೇ ನೀಲಿ. ಅಲ್ಲಿಂದಾಚೆ ನನ್ನ ತಾರಸಿಯ ವಂಶಾವಳಿಯೆಲ್ಲ ಊಹೆ. ಆದರೂ ಬಂದವರಿಗೆ ಗಿಡ ತೋರಿಸುವಾಗ ಹೆಸರನ್ನು ಗಟ್ಟಿದನಿಯಲ್ಲೇ ಹೇಳುತ್ತಿದ್ದೆ. ಎರಡನೇ ಸಲ ಬಂದವರಿಗೆ ಅದೇ ಗಿಡಕ್ಕೆ ಬೇರೆ ಹೆಸರು ಹೇಳಿದ್ದೂ ಉಂಟು.

ಖಂಡಿತವಾಗಿ ಗುರುತು ಸಿಗುತ್ತಿದ್ದದ್ದು ಬ್ರಾಂಡಿವೈನ್ ಒಂದೇ. ಹೆಸರು ಕೇಳಿ ಅಮ್ಮ ಅದಕ್ಕೆ ನೀರು ಹಾಕುವುದನ್ನು ನಿಲ್ಲಿಸಿದ್ದಳು. ಅದರ ಎಲೆಗೆ ಉಳಿದ ಟೊಮೆಟೊಗಳ ಕಚ್ಚು ಇಲ್ಲ. ಅಂಚು ನಯವಾಗಿ, ಅಗಲವಾಗಿ ಇರುತ್ತದೆ. ಒಂದು ದಿನ ಮಾವ ಬಂದರು. ತಾರಸಿ ಹತ್ತಿ, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ಅದರ ಮುಂದೆ ನಿಂತರು.

“ಅಳಿಯಂದ್ರೇ, ಇದು ಆಲೂಗಡ್ಡೆ ಗಿಡ.”

ನಾನು ಇದಕ್ಕೇ ಕಾದಿದ್ದೆ. ಆಲೂಗಡ್ಡೆ ಎಲೆಯ ಟೊಮೆಟೊಗಳೆಂಬ ಒಂದು ವರ್ಗವೇ ಇದೆಯೆಂದೂ, ಆಲೂ ಟೊಮೆಟೊ ಬದನೆ ಎಲ್ಲ ಒಂದೇ ಕುಲವೆಂದೂ, ಜಗತ್ತಿನ ಟೊಮೆಟೊಪ್ರಿಯರು ರುಚಿಗೆ ಕೈಮುಗಿಯುವುದು ಇದಕ್ಕೇ ಎಂದೂ ಒಂದು ಉಪನ್ಯಾಸ ಕೊಟ್ಟೆ. ಮಾವ ಪೂರ್ತಿ ಕೇಳಿದರು. ಕೆಳಗಿಳಿದು ಅಮ್ಮನ ಹತ್ತಿರ, “ಅಮ್ಮಾ, ಮೇಲೆ ಆಲೂಗಡ್ಡೆ ಚೆನ್ನಾಗಿ ಬಂದೈತೆ” ಅಂದರು. ಮಾರನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಬ್ರಾಂಡಿವೈನನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಬೇಸರದಿಂದ ಕೂತಿದ್ದಳು. “ಒಂದು ಗಡ್ಡೆನೂ ಇಲ್ವಲ್ಲೋ. ಗೊಬ್ಬರ ಹಾಕ್ದೆ ಏನ್ ಬೆಳೀತೀಯ ನೀನು.”

ಉಳಿದ ಗಿಡಗಳು ಮಾತ್ರ ಹುಚ್ಚು ಹಿಡಿದು ಬೆಳೆದವು. ಇವುಗಳಲ್ಲಿ ಹೆಚ್ಚಿನವಕ್ಕೆ ಇಷ್ಟೇ ಎತ್ತರ ಎಂಬ ಮಿತಿ ಇಲ್ಲ. ಮಾವನವರ ಹೊಲದಲ್ಲಾದರೆ ಕಡ್ಡಿ ನೆಟ್ಟು, ದಾರ ಎಳೆದು ಕಟ್ಟುತ್ತಾರೆ. ನನ್ನಲ್ಲಿದ್ದ ಕಡ್ಡಿ ಎದೆಮಟ್ಟಕ್ಕೆ ಮುಗಿಯಿತು. ಅಲ್ಲಿಂದ ಡಿಶ್ ಆಂಟೆನಾಕ್ಕೆ ಒಂದು, ಸಿಂಟೆಕ್ಸಿನ ಪೈಪಿಗೆ ಒಂದು, ಬಟ್ಟೆ ಒಣಹಾಕುವ ತಂತಿಗೆ ಮೂರು ಗಿಡ ಕಟ್ಟಿದೆ. ಟಿವಿಯಲ್ಲಿ ಧಾರಾವಾಹಿ ನಿಂತುಹೋದಾಗ ಅತ್ತೆ ಸೊಸೆ ಇಬ್ಬರೂ ಒಂದೇ ಪಕ್ಷಕ್ಕೆ ಸೇರಿದರು. ನಮ್ಮ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ತಂತಿಯ ಕಥೆ ಇನ್ನೂ ಕೆಟ್ಟದ್ದು. ಟೊಮೆಟೊ ಗಿಡದ ಕಾಂಡದ ಮೇಲೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಮುಟ್ಟಿದರೆ ಹಳದಿ ಹಸಿರು ಅಂಟು ಬಿಡುತ್ತದೆ, ಕೈಯಲ್ಲಾದರೆ ಕಪ್ಪಾಗುತ್ತದೆ, ಸೋಪಿಗೂ ಜಗ್ಗುವುದಿಲ್ಲ. ನನ್ನವಳ ತವರಿನ ಕೆನೆಬಣ್ಣದ ಸೀರೆ ಗಾಳಿಗೆ ಹಾರಿ ಚೆರೋಕಿ ಪರ್ಪಲನ್ನು (ಅಥವಾ ಬೇರೆ ಯಾವುದನ್ನೋ) ಅಪ್ಪಿಕೊಂಡಿತು. ಆ ಸಂಜೆ ಏನು ನಡೆಯಿತೆಂದು ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಸೀರೆಗಳಿವೆ.

ಏಪ್ರಿಲ್‌ನಲ್ಲಿ ಹೂವು ಬಂತು, ಬಂದ ಹಾಗೇ ಉದುರಿತು. ಟೊಮೆಟೊ ಹೂವಿನ ಪರಾಗ ಒಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ಹೂವು ನಡುಗಿದರೆ ಮಾತ್ರ ಉದುರುತ್ತದೆ. ಜೇನುಹುಳಕ್ಕೆ ಆ ವಿದ್ಯೆ ಬಾರದು. ದಪ್ಪ ಕರಿ ದುಂಬಿ ಹೂವನ್ನು ಹಿಡಿದು ಮೈ ಗುಂಯ್ ಎಂದು ಕಂಪಿಸಿ ಉದುರಿಸಿಕೊಳ್ಳುತ್ತದೆ. ನಮ್ಮ ಬಡಾವಣೆಯಲ್ಲಿ ದುಂಬಿಗಳಿಗಿಂತ ಬಿಲ್ಡರ್‌ಗಳು ಜಾಸ್ತಿ. ದುಂಬಿ ಇಲ್ಲದಿದ್ದರೆ ಕರೆಂಟಿನ ಟೂತ್‌ಬ್ರಶ್ ಹಿಡಿದರೂ ನಡೆಯುತ್ತದೆಂದು ಓದಿದ್ದೆ. ಮಗಳ ಬ್ರಶ್ ಎತ್ತಿಕೊಂಡು ಬೆಳಿಗ್ಗೆ ಬೆಳಿಗ್ಗೆ ಒಂದೊಂದೇ ಹೂವಿನ ಹಿಂದೆ ಹಿಡಿದು ಗುಂಯ್ಗುಟ್ಟಿಸುತ್ತಿದ್ದೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕ ಒರೆಸಿ ಹಾಕಿಕೊಂಡರು.

“ಗಿಡಕ್ಕೆ ಹಲ್ಲುಜ್ಜಿಸ್ತಿದ್ದೀರಾ?”

“ಇಲ್ಲ ಸಾರ್, ಪರಾಗಸ್ಪರ್ಶ.”

“ಓಹೋ,” ಅಂದವರು ಪೇಪರ್ ಮಡಚಿ ಒಳಗೆ ಹೋದರು. ಸಂಜೆ ಅವರ ಮನೆಯವರು ನನ್ನವಳನ್ನು ಗೇಟಿನ ಹತ್ತಿರ ಕರೆದು, ಆಫೀಸಿನಲ್ಲಿ ಏನಾದರೂ ತೊಂದರೆಯೇ, ನಿದ್ದೆ ಸರಿಯಾಗಿ ಮಾಡುತ್ತಾರೆಯೇ ಎಂದು ಮೆಲ್ಲಗೆ ವಿಚಾರಿಸಿದರಂತೆ.

ಮಾವನಿಗೆ ಫೋನ್ ಮಾಡಿದೆ. “ರಾತ್ರಿ ಸೆಕೆ ಜಾಸ್ತಿ ಆದ್ರೆ ಹೂ ನಿಲ್ಲಲ್ಲ ಅಳಿಯಂದ್ರೇ. ಬ್ರಶ್ ಹಿಡಿದ್ರೂ ಅಷ್ಟೇ. ಬೇಕಾದ್ರೆ ಫ್ಯಾನ್ ಹಾಕಿ” ಎಂದರು. ಅದು ತಮಾಷೆಯೆಂದು ನನಗೆ ಹೊಳೆಯುವಷ್ಟರಲ್ಲಿ ಎಕ್ಸ್‌ಟೆನ್ಷನ್ ವೈರ್ ಎಳೆದು ಟೇಬಲ್ ಫ್ಯಾನ್ ಮೇಲೆ ಸಾಗಿಸಿಯಾಗಿತ್ತು.

ಜೂನ್‌ನಲ್ಲಿ ರಾತ್ರಿ ತಂಪಾದ ಮೇಲೆ ಕಾಯಿ ಕಚ್ಚಿತು. ಆಗ ಬಂತು ನೋಡಿ 2023ರ ಜುಲೈ. ನಿಮಗೂ ನೆನಪಿರಬೇಕು. ಟೊಮೆಟೊ ಕಿಲೋಗೆ ನೂರು ದಾಟಿ ಹೋಯಿತು, ಸಾರಿಗೆಲ್ಲ ಹುಣಸೆಹಣ್ಣೇ ಗತಿಯಾಯಿತು, ಗಾಡಿಯವನು ಕೊಸರು ಕೊಡುವುದಿರಲಿ, ನಾವು ಮುಟ್ಟಿ ನೋಡುವುದನ್ನೂ ಬೇಡವೆಂದ. ಕೋಲಾರದಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ಮೀರಿತು. ಹೊಲಗಳಿಗೆ ರಾತ್ರಿ ಕಾವಲು ಕೂತರು. ನಾನೂ ಕೂತೆ. ಮಾರ್ಟ್‌ಗೇಜ್ ಲಿಫ್ಟರಿನಲ್ಲಿ ನಿಂತಿದ್ದದ್ದು ಒಂದೇ ಕಾಯಿ. ಅದಕ್ಕೆ ಮಗಳ ಹಳೆಯ ಸೊಳ್ಳೆಪರದೆ ಕಟ್ಟಿ, ಪಿಕಳಾರ, ಅಳಿಲು, ಹೆಂಡತಿ ಈ ಮೂವರಿಂದ ಕಾಯುತ್ತಿದ್ದೆ. “ಊರಿಗೆಲ್ಲ ಟೊಮೆಟೊ ಕಥೆ ಹೇಳ್ತೀರಿ, ಸಾರಿಗೊಂದು ಕೊಡಿ ಅಂದ್ರೆ ಇಲ್ಲ” ಎಂದು ಅವಳು. “ಅದು ಸಾರಿನದಲ್ಲ ಕಣೇ, ಸಾಲದ್ದು” ಎಂದು ನಾನು.

ಹಾಗೆಂದ ಸಂಜೆಯೇ ಮಾವನ ಫೋನ್ ಬಂತು. ದನಿಯಲ್ಲಿ ಎಂದೂ ಇಲ್ಲದ ಕುಣಿತ. ಈ ಸಲ ಬಾಕ್ಸಿಗೆ ಸಿಕ್ಕ ರೇಟಿನಲ್ಲಿ ಸೊಸೈಟಿ ಸಾಲ ತೀರಿತಂತೆ, ಬೋರ್‌ವೆಲ್ಲಿನ ಸಾಲ ತೀರಿತಂತೆ, ಅತ್ತೆಯ ಒತ್ತೆ ಬಳೆ ಬಿಡಿಸಿಕೊಂಡು ಬಂದರಂತೆ. ಉರುಟು ಕೆಂಪು, ಕಥೆ ಇಲ್ಲದ, ವಂಶವಿಲ್ಲದ ಹೈಬ್ರಿಡ್! ನನ್ನವಳು ಫೋನನ್ನು ಸ್ಪೀಕರಿನಲ್ಲಿಟ್ಟು ನನ್ನ ಮುಖ ನೋಡಿದಳು. ಮಾವ ಕೊನೆಯಲ್ಲಿ, “ನಿಮ್ದು ಆ ಸಾಲದ ಗಿಡ ಹೆಂಗೈತೆ ಅಳಿಯಂದ್ರೇ?” ಅಂತ ನಿಜವಾದ ಕಾಳಜಿಯಿಂದ ಕೇಳಿದರು. ನೆಟ್‌ವರ್ಕ್ ಇಲ್ಲ ಎಂದೆ.

ಉಳಿದ ಹಣ್ಣುಗಳ ಗತಿ ಬೇಗ ಹೇಳಿ ಮುಗಿಸುತ್ತೇನೆ. ಗ್ರೀನ್ ಜೀಬ್ರಾ ಹಣ್ಣಾದರೂ ಹಸಿರೇ. (ಇದು ಪಾರಂಪರಿಕ ತಳಿಯೇ ಅಲ್ಲ, ಟಾಮ್ ವ್ಯಾಗ್ನರ್ ಎಂಬುವರು 1983ರಲ್ಲಿ ಹೊರತಂದದ್ದು. ಬಂದವರ ಮುಂದೆ ಆ ಮಾತು ಎತ್ತಬೇಡಿ.) ಕೆಲಸದಾಕೆ ಅದನ್ನು ಕಾಯಿಯೆಂದೇ ತಿಳಿದು ಹುರಿದು ಚಟ್ನಿ ರುಬ್ಬಿದಳು, ಎಲ್ಲರೂ ಚಪ್ಪರಿಸಿ ತಿಂದರು, ನಾನು ಊಟದ ಕೊನೆಯವರೆಗೂ ಅದು ಮಾಗಿದೆಯೇ ಎಂದು ತಾರಸಿಯಲ್ಲಿ ಹುಡುಕುತ್ತಿದ್ದೆ. ಬ್ಲ್ಯಾಕ್ ಕ್ರಿಮ್ ಹಾಕಿದ ತಿಳಿಸಾರು ಕೆಸರುಬಣ್ಣಕ್ಕೆ ತಿರುಗಿತು. ಮಗಳು, “ಅಪ್ಪ, ಟ್ಯಾಂಕ್ ತೊಳೆಸಿದ್ರಾ?” ಎಂದು ಕೇಳಿದಳು. ಕೊಸ್ಟೊಲುಟೊ ಒಂದನ್ನು ಜಂಭದಿಂದ ಗಾಡಿಯವನಿಗೆ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿ, “ಇಂಥವನ್ನ ನಾವು ಹಸುಗೆ ಹಾಕ್ತೀವಿ ಸಾರ್” ಎಂದ.

ಆಗಸ್ಟಿನ ಕೊನೆಗೆ ನನ್ನ ಒಂಟಿ ಹಣ್ಣು ಮಾಗಿತು. ದೊಡ್ಡದು, ಗುಲಾಬಿಗೆಂಪು, ಎರಡು ಕಡೆ ಉಬ್ಬಿದ ಗಲ್ಲ. ಪರದೆ ಬಿಚ್ಚಿದೆ. ನಟ್ಟನಡುವೆ ಒಂದು ಮೂಗು! ಮೊಗ್ಗು ಮೂಡುವಾಗ ಬಿಸಿಲು ಹೆಚ್ಚಾದರೆ ಒಳಗೆ ಇರಬೇಕಾದ ಒಂದು ತೊಳೆ ದಾರಿ ತಪ್ಪಿ ಹೊರಗೇ ಬೆಳೆದುಬಿಡುತ್ತದೆ. ಇದನ್ನೇ ನಾನು ಮನೆಮಂದಿಗೆ ವಿವರಿಸುತ್ತಿದ್ದೆ. ಮೂಗು ಸ್ವಲ್ಪ ಎಡಕ್ಕೆ ಬಾಗಿತ್ತು. ಅಮ್ಮ ಹಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

“ಸೊಂಡಿಲು ಕಣೋ! ಹಬ್ಬಕ್ಕೆ ಮುಂಚೆ ತಾನೇ ಬಂದಿದಾನೆ.”

“ಅಮ್ಮ, ಅದು ಮಾರ್ಟ್‌ಗೇಜ್ ಲಿಫ್ಟರ್.”

“ಅಂದ್ರೆ?”

“ಸಾಲ ತೀರಿಸೋದು.”

ಹೇಳಬಾರದಿತ್ತು. ಅಮ್ಮನ ಕಣ್ಣಲ್ಲಿ ನೀರೇ ಬಂತು. “ಋಣಹರ ಗಣಪತಿ!” ಎಂದವಳೇ ಬೆಳ್ಳಿ ತಟ್ಟೆ ತೆಗೆದಳು. ಐದು ನಿಮಿಷದಲ್ಲಿ ನನ್ನ ಹಣ್ಣು ದೇವರಮನೆಯಲ್ಲಿ ಅಕ್ಕಿಯ ಮೇಲೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಸುದ್ದಿ ಹೇಗೆ ಹಬ್ಬಿತೋ, ಸಂಜೆಯಿಂದ ಜನ. ಕಾರಿನ ಲೋನಿನವರು ಗರಿಕೆ ತಂದರು. ಮಗಳ ಕಾಲೇಜಿಗೆ ಸಾಲ ಮಾಡಿದವರು ಬೆಲ್ಲ ತಂದರು. ಎದುರುಮನೆ ಹೆಡ್‌ಮಾಸ್ಟರು ಬರಿಗೈಯಲ್ಲಿ ಬಂದು, ನಂಬಿಕೆ ಇಲ್ಲ ಎಂದು ಹೇಳಿ, ಎರಡು ಸಲ ಪ್ರದಕ್ಷಿಣೆ ಹಾಕಿ, ತಮ್ಮ ಮಗ ಯಾರಿಗೋ ಜಾಮೀನು ನಿಂತಿರುವ ವಿಷಯ ತಿಳಿಸಿದರು. ಎಲ್ಲರಿಗೂ ನಾನು ರೇಡಿಯೇಟರ್ ಚಾರ್ಲಿಯ ಕಥೆ ಹೇಳಲು ಹೋದೆ. ಎಲ್ಲರೂ ನನಗೆ ಸುಮ್ಮನಿರಲು ಸನ್ನೆ ಮಾಡಿದರು; ಮಂಗಳಾರತಿ ನಡೆಯುತ್ತಿತ್ತು. ಐದನೇ ತಾರೀಕು ಬೆಳಿಗ್ಗೆ ನೋಡುತ್ತೇನೆ, ತಾರಸಿಯ ಲೆಕ್ಕ ಹೇಳಿದ್ದ ನನ್ನವಳೇ ಊದುಬತ್ತಿ ಹಚ್ಚುತ್ತಿದ್ದಾಳೆ.

ನನಗೆ ಬೇಕಿದ್ದದ್ದು ಒಂದು ಹೋಳು. ಉಪ್ಪು ಕಾರದಪುಡಿ ಉದುರಿಸಿ ಒಂದೇ ಒಂದು ಹೋಳು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಕಳ್ಳಹೆಜ್ಜೆಯಲ್ಲಿ ಹೋದೆ. ಹಿಂಭಾಗದಿಂದ ಸಣ್ಣದಾಗಿ ಕೊಯ್ದರೆ ಗೊತ್ತಾಗುವುದಿಲ್ಲ ಎಂಬ ಲೆಕ್ಕ. ಅಮ್ಮ ದೇವರಮನೆಯ ಬಾಗಿಲಲ್ಲೇ ಚಾಪೆ ಹಾಸಿದ್ದಳು.

“ಯಾರೋ ಅದು?”

“ನಾನಮ್ಮ. ನಮಸ್ಕಾರ ಮಾಡೋಣ ಅಂತ.”

“ಚಾಕು ಹಿಡ್ಕೊಂಡಾ?”

ಹಬ್ಬದ ಹೊತ್ತಿಗೆ ಗಣಪನ ಹೊಟ್ಟೆ ಒಡೆದಿತ್ತು. ಹಾವು ಹುಡುಕಿದರೂ ಸಿಗಲಿಲ್ಲ. ಮಣ್ಣಿನ ಗಣಪನ ಜೊತೆಗೇ ಇವನನ್ನೂ ಬಕೆಟ್ಟಿನಲ್ಲಿ ಬಿಡುವುದೆಂದು ತೀರ್ಮಾನವಾಯಿತು. ನಾನು ಹಠ ಹಿಡಿದು, ಬೀಜವನ್ನಾದರೂ ಕೊಡಿ, ಮುಂದಿನ ವರ್ಷ ಮನೆಮನೆಗೆ ಒಬ್ಬೊಬ್ಬ ಗಣಪನನ್ನು ಕೊಡುತ್ತೇನೆ ಎಂದು ಅಮ್ಮನನ್ನು ಒಪ್ಪಿಸಿದೆ. ಟೊಮೆಟೊ ಬೀಜದ ಸುತ್ತ ಲೋಳೆ ಇರುತ್ತದೆ. ರಸದ ಸಮೇತ ಲೋಟದಲ್ಲಿಟ್ಟು ಎರಡು ಮೂರು ದಿನ ಹುಳಿಯಲು ಬಿಟ್ಟರೆ ಲೋಳೆ ಕರಗಿ ಒಳ್ಳೆಯ ಬೀಜ ತಳಕ್ಕೆ ಇಳಿಯುತ್ತದೆ. ಮೇಲೆ ಬಿಳಿ ಬೂಸು ಕಟ್ಟುತ್ತದೆ. ಆ ವಾಸನೆಗೆ ಕನ್ನಡದಲ್ಲಿ ಹೆಸರಿಲ್ಲ. ಹಳೆಯ ಸಾಕ್ಸಿನಲ್ಲಿ ಮಜ್ಜಿಗೆ ಶೋಧಿಸಿದ ಹಾಗೆ ಅಂದುಕೊಳ್ಳಿ. ಸ್ಟೀಲ್ ಲೋಟಕ್ಕೆ ತಟ್ಟೆ ಮುಚ್ಚಿ ಸಜ್ಜದ ಮೇಲೆ ಬಚ್ಚಿಟ್ಟೆ. ನನ್ನವಳು ಮೊದಲು ಫ್ರಿಡ್ಜ್ ತೊಳೆದಳು. ಆಮೇಲೆ ಸಿಲಿಂಡರಿನ ಹಿಂದೆ ಇಲಿ ಹುಡುಕಿದಳು. ಆಮೇಲೆ ನನ್ನನ್ನು ಮೂಸಿದಳು. ಕೊನೆಗೆ ಲೋಟ ಸಿಕ್ಕಿತು, ಸಿಂಕಿಗೆ ಹೋಯಿತು.

ಆವತ್ತು ಮಾವ ಊರಿಂದ ಬಂದಿದ್ದರು. ಟೊಮೆಟೊ ರೇಟು ಅಷ್ಟರಲ್ಲಿ ಮತ್ತೆ ನೆಲ ಕಂಡಿತ್ತು. ಒಂದು ಕ್ರೇಟು ಹಾಗೇ ನಮ್ಮ ಮನೆಗೆ ಹೊತ್ತು ತಂದಿದ್ದರು. ಕೈ ತೊಳೆಯಲು ಹೋದವರು ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಬೀಜ ನೋಡಿ, “ಬೀಜ ಎಸೀಬಾರ್ದು” ಎಂದು ಒಂದೊಂದೇ ಆಯ್ದು, ಕ್ಯಾಲೆಂಡರಿನ ಹಾಳೆ ಹರಿದು ಮಡಿಚಿ ಜೇಬಿಗಿಟ್ಟುಕೊಂಡರು. ನಾನು ಅವರಿಗೆ ಲೋಗನ್ ಊರಿನ ಬೆಟ್ಟ, ಲಾರಿ, ಡಾಲರು ಎಲ್ಲ ಹೇಳಿದೆ. ಹೂಂಗುಟ್ಟಿದರು.

ಚಳಿಗಾಲ ಕಳೆದು ಒಂದು ದಿನ ಅವರದೇ ಫೋನ್.

“ಅಳಿಯಂದ್ರೇ, ನಿಮ್ಮ ಗಿಡ ಬದುವಿನ ಪಕ್ಕ ಹಾಕಿದ್ನಲ್ಲ, ಕಾಯಿ ಬಿಟ್ಟೈತೆ. ಒಂದೊಂದೂ ಇಷ್ಟಿಷ್ಟು ದಪ್ಪ.”

ನನಗೆ ಕೂರಲಾಗಲಿಲ್ಲ. “ಮಂಡೀಲಿ ತೋರಿಸಿದ್ರಾ ಮಾವ?”

“ತೋರಿಸ್ದೆ. ಎಲ್ಲಾರೂ ಸುತ್ತ ನಿಂತ್ಕೊಂಡು ನೋಡಿದ್ರು.”

“ಏನಂದ್ರು?”

“ಇದು ಯಾವ ರೋಗ ಅಂತ ಕೇಳಿದ್ರು,” ಎಂದರು ಮಾವ. ಆಮೇಲೆ ನನ್ನ ಮೌನ ಕೇಳಿಸಿತೇನೋ, ಸಮಾಧಾನದ ದನಿಯಲ್ಲಿ ಸೇರಿಸಿದರು: “ನೀವೇನೂ ಯೋಚ್ನೆ ಮಾಡ್ಬೇಡಿ. ಪಕ್ಕದ ಸಾಲಿಗೆ ಹರಡದೆ ಇರ್ಲಿ ಅಂತ ಔಷಧಿ ಹೊಡೆಸಿದೀನಿ.”